ಎರಡೂ ಕಣ್ಣು ತೆರೆದು

"ಅಲ್ಲೇ ನಿಲ್ಲಿ!" ಎಂದು ಸೋದರಮಾವ ಬಾಗಿಲಿಗೆ ಅಡ್ಡ ಕೈ ಹಿಡಿದಾಗ ಪುಟ್ಟಿ ತೀರಿಹೋದ ದೊಡ್ಡಮ್ಮನ ತಲೆ ಬಾಚುತ್ತಿದ್ದಳು. ಹೊಸಿಲಾಚೆ ನಿಂತ ಮುದುಕಿಯನ್ನು ಕಂಡು ಬಾಚಣಿಗೆ ಅರ್ಧಕ್ಕೇ ನಿಂತಿತು. ಪುಟ್ಟಿ ಹುಟ್ಟಿದ ಗಳಿಗೆಯಲ್ಲಿ ಅವಳ ತಾಯಿಗೆ ಸೂಜಿ ಚುಚ್ಚಿದ ನರ್ಸಮ್ಮ. ಸೂಜಿ ತೆಗೆಯುವಷ್ಟರಲ್ಲಿ ತಾಯಿ ಹೋಗಿದ್ದಳು.

"ಒಂದ್ಸಲ ಮುಖ ನೋಡ್ಕೊಂಡು ಹೋಗ್ತೀನಪ್ಪ."

"ನನ್ ತಂಗೀನ ನುಂಗಿ ನೀರು ಕುಡಿದಿದ್ದು ಸಾಲ್ದಾ? ಅಕ್ಕನ ಮುಖಾನೂ ಬೇಕಾ?"

"ಕೋರ್ಟೇ ಬಿಟ್ಟಾಯ್ತು, ನೀನೂ ಬಿಡಯ್ಯ," ಎಂದ ಪಕ್ಕದ ಮನೆಯ ದರ್ಜಿ.

"ವರದಿ ಕೊಟ್ಟು ಬಿಡಿಸಿದ್ದೇ ಇವಳಲ್ವಾ, ಇಲ್ಲಿ ಮಲಗಿರೋಳು! ನೀನು ಹೇಳೇ ಪುಟ್ಟಿ, ಆ ಸೂಜಿಗೆ ಹೋದೋಳು ನಿನ್ನ ತಾಯಿ. ಒಳಗೆ ಬಿಡ್ಲಾ, ಬೇಡ್ವಾ? ಮೊದಲು ಅಕ್ಕನ ಕಣ್ಣು ಮುಚ್ಸು."

ಎಷ್ಟು ಮುಚ್ಚಿಸಿದರೂ ರೆಪ್ಪೆಗಳು ಮತ್ತೆ ಅರೆ ತೆರೆಯುತ್ತಿದ್ದವು.

"ಸತ್ತ ಮೇಲೂ ನಮ್ಮನ್ನ ಪರೀಕ್ಷೆ ಮಾಡ್ತಿದ್ದಾಳೆ ಮಹಾತಾಯಿ," ಎಂದ ದರ್ಜಿ, ಕಣ್ಣೊರೆಸಿಕೊಳ್ಳುತ್ತ.

*

ಆಸ್ಪತ್ರೆಯ ಸಾವಿನ ಬಗ್ಗೆ ಅನುಮಾನ ಬಂದರೆ ರಕ್ತ, ಮಾಂಸದ ಚೂರುಗಳು ದೊಡ್ಡಮ್ಮನ ಪ್ರಯೋಗಾಲಯಕ್ಕೆ ಬರುತ್ತಿದ್ದವು. ಅವಳ ಸೆರಗಿಗೆ ಯಾವಾಗಲೂ ಮೂಗು ಸುಡುವ ಔಷಧದ ವಾಸನೆ. ಪುಟ್ಟಿಗೆ ಮಾತ್ರ ಅದೇ ಜೋಗುಳ. ರಜೆಯ ಮಧ್ಯಾಹ್ನಗಳಲ್ಲಿ ಅವಳನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಒಂಟಿ ಕೊಳವೆಯ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿಸುತ್ತಿದ್ದಳು.

"ಆ ಕಣ್ಣು ಮುಚ್ಬೇಡ ಕಣೆ. ಎರಡೂ ತೆರೆದಿಡು. ಒಂದನ್ನ ಮುಚ್ಚಿದ್ರೆ ಇನ್ನೊಂದು ದಣಿಯುತ್ತೆ. ದಣಿದ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ."

ಒಮ್ಮೆ ಪುಟ್ಟಿಯ ಕೆನ್ನೆಯ ಒಳಗನ್ನು ಕಡ್ಡಿಯಿಂದ ಮೆಲ್ಲಗೆ ಕೆರೆದು, ಗಾಜಿಗೆ ಸವರಿ, ನೀಲಿ ಬಣ್ಣ ಹಾಕಿ ತೋರಿಸಿದಳು. ಒದ್ದೆ ಕಾಗದದ ಚೂರುಗಳಂಥವು ತೇಲಿದವು.

"ಯಾರಿದು?"

"ನಾನು!"

"ಹೂಂ, ನೀನೇ. ನನ್ ಬಂಗಾರ."

ದೊಡ್ಡವಳಾದ ಮೇಲೆ ಪುಟ್ಟಿ ಕೇಳಿದ್ದಳು: "ಅಮ್ಮ ಹೇಗೆ ಹೋದ್ಳು?"

"ಸೂಜಿಯಿಂದ ಅಲ್ಲ. ರಕ್ತದಲ್ಲಿ ಔಷಧಿ ಅಳತೆಗೆ ಸರಿಯಾಗೇ ಇತ್ತು."

"ಮತ್ತೆ?"

ದೊಡ್ಡಮ್ಮ ಆಗಲೇ ಒರೆಸಿದ್ದ ಮಸೂರವನ್ನು ಮತ್ತೆ ಒರೆಸತೊಡಗಿದ್ದಳು. ನರ್ಸಿನ ತಪ್ಪು ಮುಚ್ಚಿಡುತ್ತಿದ್ದಾಳೆ ಎಂದೇ ಪುಟ್ಟಿ ಅಂದುಕೊಂಡಿದ್ದಳು.

*

ಪುಟ್ಟಿ ಎದ್ದು ಬಾಗಿಲಿಗೆ ಬಂದಳು. "ದೊಡ್ಡಮ್ಮನಿಗೆ ಏನು ಕಾಣಿಸ್ತು? ನಿಮಗೆ ಗೊತ್ತು."

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಮ್ಮ. ನಾನೇ ಕೊಂದೆ ಅಂತ ಇರ್ಲಿ ಬಿಡಿ. ಬರ್ತೀನಿ." ಮುದುಕಿ ಮೆಟ್ಟಿಲತ್ತ ತಿರುಗಿದಳು.

ಪುಟ್ಟಿ ಅವಳ ತೋಳು ಹಿಡಿದಳು. "ಮಾತು ತಗೊಂಡೋರೇ ಹೋದ್ರಲ್ಲ. ಹೇಳಿ."

ನರ್ಸಮ್ಮ ಮತ್ತೆ ಹೊಸಿಲಿನತ್ತ ತಿರುಗಿದಳು. "ಹೆರಿಗೆ ಹೊತ್ತಲ್ಲಿ ಮಗು ಸುತ್ತ ಇದ್ದ ನೀರು ನಿಮ್ಮಮ್ಮನ ರಕ್ತಕ್ಕೆ ಸೇರ್ಕೊಂಡಿತ್ತು. ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಚರ್ಮದ ಸಿಪ್ಪೆ ಕಾಣಿಸ್ತಂತೆ... ಮಗುವಿಂದು. ಯಾರ ಕೈಯಲ್ಲೂ ಇರ್ಲಿಲ್ಲ ತಾಯಿ. ನಿಮ್ಮ ದೊಡ್ಡಮ್ಮ ಕೋರ್ಟಲ್ಲಿ ಔಷಧಿ ಅಳತೆ ಸರಿ ಇತ್ತು ಅಂತಷ್ಟೇ ಹೇಳಿದ್ರು; ಹೊರಗೆ ಬಂದು ನನ್ನ ಕೈ ಹಿಡ್ಕೊಂಡು ಅತ್ರು: 'ನಮ್ಮ ಕೂಸಿಗೆ ಮಾತ್ರ ಇದು ಗೊತ್ತಾಗ್ಬಾರ್ದು.'"

ಮಾವನ ಕೈ ತಾನಾಗಿ ಕೆಳಗಿಳಿಯಿತು.

ಪುಟ್ಟಿ ತನ್ನ ಮುಂಗೈಯ ಚರ್ಮವನ್ನು ಒಮ್ಮೆ ಸವರಿಕೊಂಡಳು. ಆಮೇಲೆ ನರ್ಸಮ್ಮನನ್ನು ಒಳಗೆ ಕರೆತಂದು, ತಲೆಯ ಬಳಿ ಕೂರಿಸಿ, ಬಾಚಣಿಗೆ ಕೊಟ್ಟಳು. ಮುದುಕಿ ಬೈತಲೆ ತೆಗೆದಳು.

ರೆಪ್ಪೆ ಮುಚ್ಚಿಸಲೆಂದು ಮಾವ ಮತ್ತೆ ಬಗ್ಗಿದ. ಪುಟ್ಟಿ ಅವನ ಕೈ ತಡೆದಳು.

"ಬೇಡ ಮಾವ. ಎರಡೂ ಹಾಗೇ ಇರ್ಲಿ."