ಕೊಯ್ದ ಕಿವಿಯ ಗುರುತು

ಮೂಡಲಗಿಯ ಹೈಸ್ಕೂಲಿನಲ್ಲಿ ಲಾಮಾರ್ಕನ ಪಾಠ ಮಾಡಿ ಮಾಡಿ ನನ್ನ ನಾಲಿಗೆ ಸವೆದಿದೆ. ಜಿರಾಫೆ ಎತ್ತರದ ಎಲೆಗೆ ಕತ್ತು ಚಾಚಿತು, ಚಾಚಿದ ಕತ್ತು ಮರಿಗೂ ಬಂತು, ಪ್ರಾಣಿಗಳು ಬದಲಾಗುವುದೇ ಹೀಗೆ ಎಂದು ಆ ಫ್ರೆಂಚ್ ಪಂಡಿತ ಇನ್ನೂರು ವರ್ಷದ ಹಿಂದೆ ಹೇಳಿದ್ದ. ಅದು ತಪ್ಪು ಎಂದು ನಾನು ಪ್ರತಿ ವರ್ಷ ಗಂಟಲು ಹರಿದುಕೊಳ್ಳುತ್ತೇನೆ. ಮಕ್ಕಳು ಪರೀಕ್ಷೆಯಲ್ಲಿ ಸರಿ ಎಂದೇ ಬರೆಯುತ್ತಾರೆ. ಅದನ್ನಾದರೂ ತಡೆದುಕೊಂಡೇನು. ಅದೇ ತಪ್ಪು ಮಸಗುಪ್ಪಿ ಊರಿನ ಗಂಡಿನ ಕಡೆಯವರ ಜೀಪು ಹತ್ತಿ ಕೊಣ್ಣೂರಿನ ನನ್ನ ಅಕ್ಕನ ಮನೆಗೆ ಹೆಣ್ಣು ನೋಡಲು ಬಂದರೆ ಏನು ಮಾಡಲಿ?

ಹೆಣ್ಣು ನನ್ನ ಅಕ್ಕನ ಮಗಳು ದ್ರಾಕ್ಷಾಯಿಣಿ, ಎಂ.ಎ. ಓದಿದವಳು. ವರ ಮಾಲಿಂಗ, ಕುರಿಗಾರರ ಮನೆಯ ಹುಡುಗ. ಇಬ್ಬರೂ ಕಾಲೇಜಿನಿಂದಲೇ ಮೆಚ್ಚಿಕೊಂಡವರು. ಚಹಾದ ತಟ್ಟೆ ಹಿಡಿದ ಅವಳ ಎಡಗೈ ಮೇಲೆ ಮಾಲಿಂಗನ ತಾಯಿ ಸತ್ತೆವ್ವನ ಕಣ್ಣು ಬಿತ್ತು. ಕಿರುಬೆರಳು ಇರಲಿಲ್ಲ. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಮಷಿನ್ನಿಗೆ ಸಿಕ್ಕಿತ್ತು. ಆ ಮಾತನ್ನು ಮಾಲಿಂಗ ಮನೆಯಲ್ಲಿ ಹೇಳಿಯೇ ಇರಲಿಲ್ಲ.

ಉಡಿ ತುಂಬಿ ಸಂಬಂಧ ಗಟ್ಟಿ ಮಾಡಲು ತಂದ ಕೊಬ್ಬರಿ, ಕುಬಸದ ಖಣವನ್ನು ಸತ್ತೆವ್ವ ಮತ್ತೆ ಚೀಲಕ್ಕೆ ಹಾಕಿದಳು.

"ಹುಡಿಗಿ ಚಲೋ ಅದಾಳ್ರಿ ಮಾಸ್ತರ. ಆದ್ರ ನಾಳಿ ಕೂಸಿಗೂ ನಾಕ ಬೆರಳ ಬಂದ್ರ?"

"ಅದು ಮಷಿನ್ ಕಡದದ್ದು ಅವ್ವಾರ, ಹುಟ್ಟಾ ಬಂದದ್ದಲ್ಲ."

"ಹೆಂಗ ಹೋದ್ರೂ ಹೋತಲ್ರಿ. ತಾಯಿಯಂಗ ಮಗಳು, ನೂಲಿನಂಗ ಸೀರಿ."

ಮಾಲಿಂಗ ನೆಲ ನೋಡುತ್ತ ಕುಳಿತ. ಇವನ ನಾಲಿಗೆ ಯಾವ ಮಷಿನ್ನಿಗೆ ಸಿಕ್ಕಿತ್ತೋ. ನಾನು ಜೀನು, ವಂಶವಾಹಿ ಎಂದೆಲ್ಲ ಒದರಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ಸಿಟ್ಟು ನೆತ್ತಿಗೇರಿತು.

"ಅವ್ವಾರ, ನಿಮ್ಮ ಕುರಿ ಹಿಂಡಿಗೆ ಗುರುತು ಏನ್ ಮಾಡ್ತೀರಿ?"

"ಬಲಗಿವಿ ತುದಿ ಕೊಯ್ತೀವಿ. ನಮ್ಮ ಮುತ್ಯಾನ ಕಾಲದಿಂದ."

"ಮುತ್ಯಾನ ಕಾಲದಿಂದ ಕೊಯ್ದೀರಿ. ಕೊಯ್ದ ಕಿವಿ ಇಟಗೊಂಡು ಒಂದಾದ್ರೂ ಮರಿ ಹುಟ್ಟೇತೇನು?"

ಸತ್ತೆವ್ವ ಬೆರಳು ಮಡಚಿ ಮರಿಗಳ ಲೆಕ್ಕ ಹಾಕಿದಳು. "ಇಲ್ಲ ಬಿಡ್ರಿ. ಹುಟ್ಟಿದ್ರ ನಮಗೂ ಕೊಯ್ಯೂ ಕೆಲಸ ಉಳೀತಿತ್ತು."

ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವಳೇ ಕೇಳಿದಳು: "ಹಂಗಾರ ಈಕಿ ಓದಿದ್ದೂ ಕೂಸಿಗಿ ಬರೂದಿಲ್ಲೇನು?"

"ಬರೂದಿಲ್ಲ," ಎಂದುಬಿಟ್ಟೆ. ವಿಜ್ಞಾನದ ಮಾಸ್ತರನ ಹಾಳು ಬಾಯಿ.

"ನಮ್ಮ ಮನ್ಯಾಗ ಮಾಲಿಂಗನ್ನ ಬಿಟ್ರ ಯಾರೂ ಸಾಲಿ ಕಂಡಿಲ್ಲ. ಮಮ್ಮಕ್ಕಳಾದ್ರೂ ಶ್ಯಾಣ್ಯಾ ಹುಟ್ಟಲಿ ಅಂತ ಕಲ್ತ ಹುಡಿಗಿಗೆ ಒಪ್ಪಿ ಬಂದೇವಿ. ಅದೂ ಇಲ್ಲಂದ್ರ?" ಚೀಲ ಎತ್ತಿಕೊಂಡು ಎದ್ದೇಬಿಟ್ಟಳು.

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ಅಕ್ಕ ನನ್ನನ್ನು ನುಂಗುವಂತೆ ನೋಡಿದಳು.

ದ್ರಾಕ್ಷಾಯಿಣಿ ತಟ್ಟೆ ಕೆಳಗಿಟ್ಟಳು. "ಅತ್ತಿ, ಗುರುತು ತಾನ ಬರೂದಿಲ್ಲಂತ ಕೊಯ್ಯೂದು ಬಿಟ್ಟೀರೇನ್ರಿ? ಹುಟ್ಟಿದ ಮರಿಗೆಲ್ಲ ಹೊಸದಾಗಿ ಕೊಯ್ತೀರಿ. ಓದೂ ಹಂಗ ರೀ. ಹುಟ್ಟಿದ ಕೂಸಿಗೆಲ್ಲ ನಾ ಕುಂತು ಕಲಸ್ತೇನಿ."

ಇನ್ನೂ ಉಡಿಯೇ ತುಂಬಿಲ್ಲ, ಆಗಲೇ ಅತ್ತಿ. ಆದರೆ ಸತ್ತೆವ್ವ ಬಾಗಿಲಲ್ಲೇ ನಿಂತಳು. ತಿರುಗಿ ಬಂದು ಕುಳಿತಳು. ಚೀಲದಿಂದ ಕೊಬ್ಬರಿ ಹೊರಗೆ ಬಂತು. ದ್ರಾಕ್ಷಾಯಿಣಿ ಎಡಗೈ ಮುಚ್ಚಿಕೊಳ್ಳದೆ ಸೆರಗೊಡ್ಡಿದಳು.

ಉಡಿ ತುಂಬಿದ ಮೇಲೆ ಸತ್ತೆವ್ವ ಆ ಕೈ ಹಿಡಿದುಕೊಂಡಳು. "ನನಗ ಐದೂ ಬೆರಳ ಅದಾವು. ಇಷ್ಟ ದಿನ ಅವಕ್ಕ ಹೆಬ್ಬಟ್ಟ ಒತ್ತೂದೊಂದ ಗೊತ್ತು. ಕೂಸು ಹುಟ್ಟೂತನಕ ಯಾಕ ಕಾಯ್ತಿ? ಮೊದಲ ನನಗ ಕಲಸು."