ಲೀಟರಿಗೆ ಹನ್ನೆರಡು

ನಮ್ಮ ಪಿಕಪ್ಪಿನ ಡೀಸೆಲ್ ಟ್ಯಾಂಕಿಗೆ ಭಾವ ಬೀಗ ಹಾಕಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ, ಲಾಂಡ್ರಿಯ ಇಸ್ತ್ರಿ ಹೆಂಗಸರೆಲ್ಲ ಅಂಗಳದಲ್ಲಿ ನಿಂತಿದ್ದ ಹೊತ್ತಿನಲ್ಲಿ. ಚಿಕ್ಕ ಬೀಗವೇನಲ್ಲ, ಅಂಗಡಿಯ ಷಟರಿಗೆ ಹಾಕುವಂಥದ್ದು. ಕೀಲಿ ಅವರ ಜೇಬಿಗೆ ಹೋಯಿತು. ಹದಿನೆಂಟು ವರ್ಷದಿಂದ ಆ ಗಾಡಿ ಓಡಿಸುತ್ತಿರುವ ನಾನು ಪಕ್ಕದಲ್ಲೇ ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು.

"ಇದೇನು ಭಾವ?" ಎಂದೆ.

"ಏನಿಲ್ಲಪ್ಪ, ಕಾಲ ಸರಿಯಿಲ್ಲ. ಯಾರ್ಯಾರೋ ಓಡಾಡ್ತಿರ್ತಾರೆ. ಪೈಪ್ ಹಾಕಿ ಎಳ್ಕೊಂಡ್ರೆ ಏನ್ಮಾಡೋದು?"

ಯಾರ್ಯಾರೋ ಅಂತೆ! ಗಾಡಿ ನಿಲ್ಲುವುದು ಗೇಟಿನ ಒಳಗೆ. ಅದನ್ನು ಮುಟ್ಟುವವನು ನಾನೊಬ್ಬನೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ನಮ್ಮ ಭಾವನ ಹಳೇ ಚಾಳಿ. ಕಳ್ಳ ಎಂದು ನೇರವಾಗಿ ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಹೆಂಗಸರಲ್ಲೊಬ್ಬಳು ನನ್ನ ಮುಖ ನೋಡಿದಳು, ತಕ್ಷಣ ನೆಲ ನೋಡಿದಳು. ಎಲ್ಲರಿಗೂ ಅರ್ಥವಾಗಿತ್ತು.

ಭಾವ ಅಂದರೆ ನನ್ನ ಅಕ್ಕನ ಗಂಡ, ಲಾಂಡ್ರಿಯ ಯಜಮಾನರು. ದೊಡ್ಡಾಸ್ಪತ್ರೆಯ ಹಾಸಿಗೆ ಬಟ್ಟೆ ತಂದು, ಒಗೆದು, ಇಸ್ತ್ರಿ ಮಾಡಿ ವಾಪಸ್ ಮುಟ್ಟಿಸುವುದು ನಮ್ಮ ಕಸುಬು. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಆಮೇಲೆ ನನ್ನನ್ನು ಸಾಕಿದವಳು ಅಕ್ಕ. ಮದುವೆಯಾದಾಗ ನನ್ನನ್ನೂ ಜೊತೆಗೇ ಕರೆದುಕೊಂಡು ಬಂದಳು. ಇಷ್ಟೆಲ್ಲ ಆದಮೇಲೂ ಭಾವನನ್ನು ಏಕವಚನದಲ್ಲಿ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ ನೋಡಿ, ಅದು ಅವಳು ಕಲಿಸಿದ ಮರ್ಯಾದೆ.

ರಗಳೆಗೆಲ್ಲ ಮೂಲ ಟೈರು. ಪ್ರತಿ ಸೋಮವಾರ ಭಾವ ತಾವೇ ಪಂಪಿಗೆ ಬಂದು ಟ್ಯಾಂಕು ತುಂಬಿಸುತ್ತಾರೆ, ಗಾಡಿಯ ಮೀಟರು ನೋಡಿ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ, ಓಡಿದ ಕಿಲೋಮೀಟರನ್ನು ಡೀಸೆಲ್ಲಿನಿಂದ ಭಾಗಿಸುತ್ತಾರೆ. ಲೀಟರಿಗೆ ಹನ್ನೆರಡು. ಇಷ್ಟು ಹಳೇ ಗಾಡಿ ಹನ್ನೆರಡು ಕೊಡುತ್ತದೆ ಎಂದು ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಎರಡು ತಿಂಗಳ ಹಿಂದೆ ಪಂಪಿನಲ್ಲಿ ಯಾವನೋ ಪುಣ್ಯಾತ್ಮ ಅವರ ಕಿವಿ ಊದಿದ: ದೊಡ್ಡ ಟೈರು ಹಾಕಿಸಿ, ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ, ಮೈಲೇಜು ತಾನಾಗಿ ಏರುತ್ತೆ. ಸರಿ, ಯಾವುದೋ ದೊಡ್ಡ ಗಾಡಿಯಿಂದ ಬಿಚ್ಚಿದ ಚಕ್ರ, ಸ್ಟೆಪ್ನಿ ಸೇರಿ ಐದು, ಬಂದವು. "ಬೇಡ ಭಾವ, ಏರಿನಲ್ಲಿ ಗಾಡಿ ತಿಣುಕುತ್ತೆ" ಎಂದು ಬಡ್ಕೊಂಡೆ. ಡ್ರೈವರ್ ಮಾತು ಯಾರಿಗೆ ಬೇಕು?

ಮುಂದಿನ ಸೋಮವಾರ ಹತ್ತೂವರೆ ಬಂತು. ಅದರ ಮುಂದಿನ ಸೋಮವಾರ ಹತ್ತು. ಭಾವ ಟೈರಿನ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನು ನೋಡಿದರು. ಮರುದಿನವೇ ಬೀಗ.

ನನಗೂ ಹಟ ಹತ್ತಿತು. ಕದ್ದವನು ನಾನಲ್ಲ ಅಂದಮೇಲೆ ಡೀಸೆಲ್ಲು ಎಲ್ಲಿಗೋ ಹೋಗುತ್ತಿದೆಯಲ್ಲ, ಅದನ್ನು ಹಿಡಿಯದೆ ಬಿಡುವುದಿಲ್ಲ ಎಂದು ಅವತ್ತೇ ಗಾಡಿಯ ಕೆಳಗೆ ತೂರಿಕೊಂಡೆ. ಓಡಿ ಬಂದ ಗಾಡಿಯ ಚಕ್ರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಹಿಂದಿನ ಎಡಗಡೆಯದು ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಬ್ರೇಕು ಪೂರ್ತಿ ಬಿಡದೆ ಹಿಡಿದುಕೊಂಡೇ ಓಡುತ್ತಿತ್ತು. ಬಿಚ್ಚಿ ಸರಿಮಾಡಿದೆ. ಏರ್ ಫಿಲ್ಟರ್ ತೆಗೆದು ಕೊಡವಿದರೆ ಲಾಂಡ್ರಿಯ ಅರ್ಧ ದೂಳು ಅದರಲ್ಲೇ ಇತ್ತು, ಹೊಸದು ಹಾಕಿದೆ. ಗಾಡಿಯ ತಲೆಯ ಮೇಲೆ ಸುಮ್ಮನೆ ಗಾಳಿಗೆ ಎದೆಕೊಟ್ಟು ನಿಂತಿದ್ದ ಕಬ್ಬಿಣದ ಕ್ಯಾರಿಯರನ್ನು ಇಳಿಸಿದೆ. ದಿನಾ ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿದೆ. ಆಸ್ಪತ್ರೆಯ ಗೇಟಿನಲ್ಲಿ ಸಾಲು ನಿಂತಾಗಲೆಲ್ಲ ಇಂಜಿನ್ ಆರಿಸಿದೆ. ಆಕ್ಸಿಲರೇಟರಿನ ಮೇಲೆ ಕಾಲಿಡಲು ನನಗೇ ಭಯ, ಮಲಗಿದ ಮಗುವಿನ ಪಕ್ಕ ಓಡಾಡುವ ಹಾಗೆ ಓಡಿಸಿದೆ. ಹಿಂದಿನಿಂದ ಹಾರ್ನ್ ಹೊಡೆದವರ ಬೈಗುಳವನ್ನೆಲ್ಲ ನುಂಗಿಕೊಂಡೆ. ನನ್ನಂಥ ಸಿಡುಕನಿಗೆ ಅದೇನು ಸಣ್ಣ ಮಾತೇ?

ಎರಡು ವಾರಕ್ಕೆ ಹನ್ನೊಂದು ಬಂತು. ಖುಷಿಯಿಂದ ಓಡಿಹೋಗಿ "ನೋಡಿದ್ರಾ ಭಾವ, ಏರ್ತು!" ಎಂದೆ.

"ನೋಡ್ದೆ ನೋಡ್ದೆ. ಬೀಗ ಹಾಕಿದ್ಮೇಲೆ ಏರ್ತು" ಎಂದರು ಭಾವ, ತಲೆ ಎತ್ತದೆ.

ನಾನು ಗಾಡಿಯ ಕೆಳಗೆ ಮಲಗಿ ಬೆನ್ನು ಸವೆಸಿದ್ದು, ಬೆರಳು ಸುಟ್ಟುಕೊಂಡದ್ದು, ಎಲ್ಲವೂ ಆ ಬೀಗದ ಖಾತೆಗೆ ಹೋಯಿತು! ನಾನು ಚೆನ್ನಾಗಿ ದುಡಿದಷ್ಟೂ ಕಳ್ಳ ಎಂಬ ಮಾತು ಗಟ್ಟಿಯಾಗುತ್ತದೆ. ಎಂಥಾ ಅನ್ಯಾಯ ಇದು, ನೀವೇ ಹೇಳಿ.

ಭಾವ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇನ್ನೂ ಒಂದು ಕಿಲೋಮೀಟರ್ ಎಲ್ಲಿ ಹೋಗ್ತಿದೆ ಅಂತ ಗೊತ್ತಾಗ್ಬೇಕು. ಮುಂದಿನ ಸೋಮವಾರ ಹನ್ನೆರಡು ಬರದಿದ್ರೆ ಬೇರೆ ಡ್ರೈವರ್ ಬರ್ತಾನೆ. ನೀನು ಒಳಗೆ ಮೂಟೆ ಕಟ್ಕೊಂಡಿರು."

ಮೂಟೆ ಕಟ್ಟುವುದಕ್ಕೆ ನನಗೆ ನಾಚಿಕೆಯಿಲ್ಲ. ಆದರೆ ಡೀಸೆಲ್ ಕದ್ದು ಸಿಕ್ಕಿಬಿದ್ದ ಎಂದು ಗಾಡಿಯಿಂದ ಇಳಿಸಿದ ಡ್ರೈವರಿಗೆ ಇನ್ನು ಯಾರು ಕೀಲಿ ಕೊಡುತ್ತಾರೆ? ಆಸ್ಪತ್ರೆಯ ಗೇಟಿನಲ್ಲಿ ಆಂಬುಲೆನ್ಸಿನವನು ಆಗಲೇ ಹಲ್ಲು ಕಿರಿಯುತ್ತ ಕೇಳಿದ್ದ, "ಏನಣ್ಣ, ಟ್ಯಾಂಕಿಗೂ ಬೀಗವಂತೆ?" ಎಂದು.

ಶುಕ್ರವಾರ ಅದೇ ಗೇಟಿನಲ್ಲಿ ಇಂಜಿನ್ ಆರಿಸಿ ಕೂತಿದ್ದಾಗ ಕಣ್ಣು ಮೀಟರಿನ ಮೇಲೆ ಬಿತ್ತು. ಹೊರಡುವಾಗ ಎಷ್ಟಿತ್ತೆಂದು ಅವತ್ತು ಹಟಕ್ಕೆ ನೋಡಿಕೊಂಡಿದ್ದೆ. ಹದಿನೆಂಟು ಕಿಲೋಮೀಟರ್ ಓಡಿದ್ದೇನೆ ಎಂದು ತೋರಿಸುತ್ತಿತ್ತು. ಹದಿನೆಂಟು ಹೇಗಾಗುತ್ತದೆ? ನಮ್ಮ ಗೇಟಿನಿಂದ ಆಸ್ಪತ್ರೆಯ ಗೇಟಿಗೆ ಇಪ್ಪತ್ತು. ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳನ್ನು ಎಣಿಸಿ ನೋಡಬಹುದು. ಹದಿನೆಂಟು ವರ್ಷದಿಂದ ಅವು ಎದ್ದು ಎಲ್ಲಿಗೂ ಹೋಗಿಲ್ಲ. ವಾಪಸ್ ಬರುವಾಗ ಕಲ್ಲು ನೋಡುತ್ತಲೇ ಬಂದೆ. ಹತ್ತು ಕಲ್ಲು ದಾಟಿದರೆ ಮೀಟರು ಒಂಬತ್ತು ಅನ್ನುತ್ತಿತ್ತು.

ನೇರ ಮೆಕ್ಯಾನಿಕ್ ಹತ್ತಿರ ಹೋಗಿ ಮೀಟರು ಕೆಟ್ಟಿದೆ ಎಂದೆ. ಅವನು ಟೈರು ನೋಡಿದ, ನನ್ನ ಮುಖ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಮೀಟರ್ ಸರಿಯಾಗೇ ಇದೆ ಕಣಯ್ಯ. ಅದಕ್ಕೇನು ಕಣ್ಣಿದೆಯಾ ರಸ್ತೆ ನೋಡೋಕೆ? ಚಕ್ರ ಎಷ್ಟು ಸುತ್ತು ತಿರುಗ್ತು ಅಂತ ಎಣಿಸುತ್ತೆ, ಹಳೇ ಟೈರಿನ ಲೆಕ್ಕದಲ್ಲೇ ಕಿಲೋಮೀಟರ್ ಹೇಳುತ್ತೆ. ದೊಡ್ಡ ಚಕ್ರ ಕಮ್ಮಿ ಸುತ್ತಿಗೇ ಅಷ್ಟು ದೂರ ಹೋಗುತ್ತಲ್ಲ, ಅದು ಕಮ್ಮಿ ಓಡಿದೆ ಅನ್ಕೊಳ್ಳುತ್ತೆ."

ನಗು ಬರಬೇಕಿತ್ತು, ಬರಲಿಲ್ಲ. ನಾನು ಓಡಿದ ರಸ್ತೆಯಲ್ಲೇ ಹತ್ತರಲ್ಲಿ ಒಂದು ಪಾಲನ್ನು ಮೀಟರು ನುಂಗಿತ್ತು, ಡೀಸೆಲ್ ನುಂಗಿದ ಎಂದು ನನ್ನ ತಲೆಗೆ ಕಟ್ಟಿದ್ದರು.

ಶನಿವಾರ ಬೆಳಿಗ್ಗೆ ಬಾಯ್ಲರಿನ ಹಿಂದೆ ಬಿದ್ದಿದ್ದ ಹಳೇ ಚಕ್ರವನ್ನು ಉರುಳಿಸಿಕೊಂಡು ಅಂಗಳಕ್ಕೆ ತಂದೆ. "ಎಲ್ರೂ ಬನ್ರಮ್ಮ, ಬೀಗ ಹಾಕಿದಾಗ ಇದ್ದೋರು ಯಾರೂ ತಪ್ಪಿಸ್ಕೋಬೇಡಿ!" ಎಂದು ಕೂಗಿದೆ. ಇಸ್ತ್ರಿ ಹೆಂಗಸರು ಬಂದರು. ಅಕ್ಕ ಮಡಚುತ್ತಿದ್ದ ದುಪ್ಪಟಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದಳು. ಭಾವ ಆಫೀಸಿನ ಬಾಗಿಲಲ್ಲಿ ನಿಂತರು. ಹಳೇ ಚಕ್ರಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಒಂದೇ ಒಂದು ಸುತ್ತು ಉರುಳಿಸಿದೆ, ನೆಲದ ಮೇಲೆ ಗೆರೆ ಎಳೆದೆ. ಹೊಸ ಟೈರಿನ ಸ್ಟೆಪ್ನಿ ಇಳಿಸಿ ಅದನ್ನೂ ಅದೇ ಜಾಗದಿಂದ ಒಂದು ಸುತ್ತು ಉರುಳಿಸಿದೆ. ಒಂದು ಗೇಣು ಮುಂದೆ ಹೋಗಿ ನಿಂತಿತು.

"ಸುತ್ತು ಸುತ್ತಿಗೂ ಇಷ್ಟು ರಸ್ತೆ ನಿಮ್ಮ ಡೈರಿಗೆ ಬರ್ತಿಲ್ಲ ಭಾವ" ಎಂದೆ. "ಮೀಟರ್ ಹದಿನೆಂಟು ಅಂದ್ರೆ ನಾನು ಓಡಿರೋದು ಇಪ್ಪತ್ತು. ನಿಮ್ಮ ಹನ್ನೊಂದು, ಹನ್ನೆರಡರ ಮೇಲಿದೆ. ನಂಬಿಕೆ ಇಲ್ದಿದ್ರೆ ತಗೊಳ್ಳಿ ಗಾಡಿ ಕೀಲಿ, ನೀವೇ ಹೋಗಿ ಕಲ್ಲು ಎಣಿಸ್ಕೊಂಡು ಬನ್ನಿ."

ಭಾವ ಕೀಲಿ ತೆಗೆದುಕೊಂಡು ಹೋದರು. ಒಂದು ಗಂಟೆಯ ಮೇಲೆ ಬಂದವರು ಗಾಡಿಯಿಂದ ಇಳಿದು, ಟ್ಯಾಂಕಿನ ಬೀಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ತಪ್ಪಾಯಿತು ಎನ್ನುತ್ತಾರೆಂದು ಕಾದೆ. ಎಲ್ಲರೂ ಕಾದರು.

"ನನ್ನನ್ನೇನು ನೋಡ್ತೀಯ?" ಎಂದರು ಭಾವ. "ಎರಡು ಸೋಮವಾರ ಕಮ್ಮಿ ಬಂದಾಗ ನನಗೆ ಬರೀ ಅನುಮಾನ ಅಷ್ಟೇ ಇತ್ತು. ನಿಮ್ಮಕ್ಕನೇ ಬಂದು ಅವನನ್ನ ಕ್ಷಮಿಸಿಬಿಡಿ ಅಂತ ಕೈಮುಗಿದ್ಲು. ಒಡಹುಟ್ಟಿದವಳೇ ಹಾಗಂದ್ಮೇಲೆ ನಾನೇನು ತಿಳ್ಕೊಳ್ಲಿ?"

ನಾನು ಅಕ್ಕನ ಕಡೆ ತಿರುಗಿದೆ. ಅವಳ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ, ಭಾವ ಹೇಳಿದ್ದು ಅವಳ ಕಿವಿಗೇ ಬಿದ್ದಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ನನ್ನ ತೋಳು ಹಿಡಿದಳು.

"ಹಾಗಾದ್ರೆ ನೀನು ತೆಗ್ದಿರ್ಲಿಲ್ಲ! ಎದೆ ಮೇಲಿನ ಕಲ್ಲು ಇಳೀತು ಕಣೋ. ಏನೋ ಕಷ್ಟಕ್ಕೆ ಸಿಕ್ಕಿದ್ದಾನೆ, ಹೇಳ್ಕೊಳ್ಳೋಕೆ ಆಗ್ದೆ ತೆಗೀತಿದ್ದಾನೆ ಅಂತ ಒಬ್ಳೇ ಕೊರಗ್ತಿದ್ದೆ."

ಭಾವನ ಮೇಲೆ ಹಾರಾಡಲು ಮೂರು ವಾರದಿಂದ ಕೂಡಿಟ್ಟ ಮಾತೆಲ್ಲ ಮರೆತೇಹೋಯಿತು. ಹೊರಗಿನವರು ಅಂದರು, ಅಂದುಕೊಂಡು ಹಾಳಾಗಿಹೋಗಲಿ. ಇವಳು ನನಗೆ ತುತ್ತಿಟ್ಟವಳು, ಮಾಡದ ಕಳ್ಳತನಕ್ಕೆ ನನ್ನ ಪರವಾಗಿ ಕೈಮುಗಿದು ಬಂದಿದ್ದಳು.

"ನನ್ನನ್ನೇ ಒಂದು ಮಾತು ಕೇಳ್ಬಾರ್ದಿತ್ತಾ ಅಕ್ಕ?" ಎಂದೆ.

ಅವಳು ನನ್ನ ತೋಳಿನ ಮೇಲಿನ ಕೈ ತೆಗೆದಳು. ದುಪ್ಪಟಿಯ ಅಂಚನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಕೇಳ್ಬೇಕು ಅಂತ ಎಷ್ಟೋ ಸಲ ಬಂದೆ ಕಣೋ" ಎಂದಳು. "ನೀನು ಹೌದು ಅಂದ್ಬಿಟ್ರೆ ಅಂತ ಭಯ ಆಯ್ತು."