ಗ್ರೂಪಿನಲ್ಲಿ ನಡೆದ ಗ್ರಾಮಸಭೆ

"ಲೇ ಬೋಳಿಮಗ್ನೆ, ಏಳ್ಲಾ ಮ್ಯಾಕೆ! ಮಿಸನ್ನಿಗೆ ಅಡ್ಡ ಬಿದ್ರೆ ನಿನ್ನೂ ಸೇರ್ಸಿ ಊತಾಕ್ಬುಡ್ತದೆ!"

ಕೂಗಿದವನು ಪಂಚಾಯ್ತಿ ಅಧ್ಯಕ್ಷ ಬಸವಪ್ರಸಾದ್. ಬೈಸಿಕೊಂಡವನು ಕರಿಯಯ್ಯ. ಹುಲ್ಲಹಳ್ಳಿ ಕಡೆಯ ನಾಲೆ ಏರಿಯ ಕೆಳಗಿದ್ದ ಕೇರಿಯವರ ಸುಡುಗಾಡಿನಲ್ಲಿ ಜೆಸಿಬಿ ಆಗಲೇ ನಾಲ್ಕಾರು ಸಮಾಧಿಗಳನ್ನು ಮಟ್ಟ ಮಾಡಿತ್ತು. ಕರಿಯಯ್ಯ ತನ್ನ ಹೆಂಡತಿ ಮಂಗಳಮ್ಮನ ಮಣ್ಣುಗುಡ್ಡೆಯನ್ನು ತಬ್ಬಿಕೊಂಡು ಬಿದ್ದಿದ್ದ. ಮಗಳು ವನಿತಾ ಪಕ್ಕದಲ್ಲಿದ್ದಳು.

"ಯಾರ್ನ ಕೇಳಿ ಅಗೀತಿದ್ದೀರಿ ಬುದ್ಧಿ?"

"ಗ್ರಾಮಸಭೇಲಿ ಪಾಸಾಗದೆ ಕಣ್ಲಾ. ಕಲ್ಯಾಣಮಂಟ್ಪ ಕಟ್ಟಾಕೆ. ಒಬ್ರೂ ತಕರಾರು ಎತ್ನಿಲ್ಲ."

"ನಮ್ಗ್ಯಾರೂ ಯೋಳ್ನಿಲ್ವಲ್ಲ."

"ವಾಟ್ಸಾಪ್ ಗ್ರೂಪ್ಗೆ ಆಕಿದ್ದೊ. ನೋಡ್ಕಳ್ದಿದ್ರೆ ನಾನೇನ್ ಮಾಡ್ಲಿ?"

ಹಿಂದೆಲ್ಲ ಸಭೆ ಎಂದರೆ ಕರಿಯಯ್ಯನೇ ತಮಟೆ ಬಡಿದು ಸಾರಬೇಕಿತ್ತು. ಮೇಲಿನ ಬೀದಿ ಬಂದ ಕೂಡಲೆ ಚಪ್ಪಲಿ ಕಳಚಿ ಕಂಕುಳಲ್ಲಿ ಇರುಕಿಕೊಳ್ಳಬೇಕಿತ್ತು. ತಮ್ಮನ ಮಗ ಮಾದೇಶ್ ಪಂಚಾಯ್ತಿ ಮೆಂಬರಾದ ದಿನ ಬಂದು, "ದೊಡ್ಡಪ್ಪ, ಈ ಬೇವರ್ಸಿ ಚಾಕ್ರಿ ಸಾಕು. ಇನ್ಮ್ಯಾಕೆ ಮೊಬೈಲೇ ಸಾರ್ತದೆ. ಅದ್ಕೆ ಜಾತಿ ಇಲ್ಲ" ಎಂದಿದ್ದ. ಕರಿಯಯ್ಯ ಹಿರಿಹಿರಿ ಹಿಗ್ಗಿ ತಮಟೆಯನ್ನು ಅಟ್ಟಕ್ಕೆ ಎಸೆದಿದ್ದ. ಇಡೀ ಕೇರಿ ನಂಬರು ಕೊಟ್ಟು ಗ್ರೂಪು ಸೇರಿತು. ಆಮೇಲೊಂದು ದಿನ ವನಿತಾ ಕೇರಿಯ ಚರಂಡಿಯ ಫೋಟೊ ಹಾಕಿ, ಇದನ್ನು ಯಾವಾಗ ಬಳಿಸುತ್ತೀರಿ ಎಂದು ಕೇಳಿದಳು. ಸಂಜೆಯೊಳಗೆ ಕೇರಿಯ ನಂಬರುಗಳೆಲ್ಲ ಗ್ರೂಪಿನಿಂದ ಮಾಯ. ಉಳಿದದ್ದು ಮಾದೇಶನದೊಂದೇ. ನಮ್ಮ ಹುಡುಗ ಇದ್ದಾನಲ್ಲ, ಏನಿದ್ದರೂ ಹೇಳುತ್ತಾನೆ ಎಂದು ಕೇರಿ ಸುಮ್ಮನಾಗಿತ್ತು.

ಆ ಮಾದೇಶ್ ಈಗ ಜೆಸಿಬಿಯ ಹಿಂದೆ ನಿಂತು ನೆಲ ನೋಡುತ್ತಿದ್ದ.

"ನೀನಾರ ಬ್ಯಾಡ ಅನ್ಬಾರ್ದಿತ್ತಾ ಮಾದೇಶ?"

ಬಸವಪ್ರಸಾದ್ ನಗುತ್ತ ಮೊಬೈಲು ಚಾಚಿದ. "ಅವ್ನೂ ಒಪ್ಪವ್ನೆ, ನೋಡು."

ಮಾದೇಶನ ಹೆಸರಿನ ಮುಂದೆ ಎತ್ತಿ ತೋರಿಸಿದ ಹಳದಿ ಹೆಬ್ಬೆರಳು. ಓದು ಬಾರದ ಕರಿಯಯ್ಯನಿಗೂ ಅದು ಅರ್ಥವಾಯಿತು.

"ಎಲ್ರೂ ಒತ್ತಿದ್ರು ದೊಡ್ಡಪ್ಪ. ನಾನೊಬ್ನೆ ಒತ್ತದಿದ್ರೆ ನನ್ನೂ ತೆಗ್ದಾಕ್ಬುಡೋರು."

"ನಿಂಗೆ ಅನ್ನ ಇಕ್ದೋಳು ಮಲ್ಗವ್ಳಲ್ಲೋ ಇಲ್ಲಿ..."

ಬಸವಪ್ರಸಾದನಂಥವರ ಬೈಗುಳ ಹುಟ್ಟಿದಾಗಿನಿಂದ ಕೇಳಿದ್ದೇ. ಮನೆಯ ಹುಡುಗನ ಈ ಹೆಬ್ಬೆರಳು ಮಾತ್ರ ಕರುಳಿಗೇ ಕೈ ಹಾಕಿತ್ತು. ಕರಿಯಯ್ಯ ಎದ್ದು ಮೈಯ ಮಣ್ಣು ಕೊಡವಿದ.

"ಕೂಸೇ, ನಾನ್ ಬರಗಂಟ ನಿಮ್ಮವ್ವನ ಮ್ಯಾಲಿಂದ ಏಳ್ಬ್ಯಾಡ."

ವನಿತಾ ಹೋಗಿ ಗುಡ್ಡೆಯ ಮೇಲೆ ಕೂತಳು. ಜೆಸಿಬಿ ಓಡಿಸುವವನು ಇಂಜಿನ್ ಆರಿಸಿ ಬೀಡಿ ಹಚ್ಚಿದ.

ಕರಿಯಯ್ಯ ಮನೆಗೆ ಹೋಗಿ ಅಟ್ಟದಿಂದ ತಮಟೆ ಇಳಿಸಿ, ಕಬ್ಬಿನ ತರಗು ಉರಿಸಿ ಕಾಯಿಸಿದ. ನೆಟ್ಟಗೆ ಮೇಲಿನ ಬೀದಿಗೆ ನಡೆದ.

"ಕೇಳ್ರಪ್ಪೋ! ಸುಡುಗಾಡಲ್ಲಿ ಈಗ್ಲೇ ಗ್ರಾಮಸಭೆ! ಬಸವಪ್ರಸಾದ ನಮ್ಮ ಎಣ ಅಗೀತಾವ್ನೆ! ನನ್ನ ತಮ್ಮನ್ ಮಗ ಮಾದೇಶ ಊ ಅಂದವ್ನೆ! ಗ್ರೂಪಲ್ಲಿರೋರೂ ಬನ್ನಿ, ಇಲ್ದೋರೂ ಬನ್ನಿ!"

"ಚಪ್ಲಿ ಬುಡ್ಲಾ ಮೊದ್ಲು!" ಜಗಲಿಯೊಂದರಿಂದ ಯಾರೋ ಅರಚಿದರು.

ಕರಿಯಯ್ಯ ಆ ಜಗಲಿಯ ಮುಂದೆಯೇ ನಿಂತು, ಚಪ್ಪಲಿ ಕಾಲಲ್ಲೇ, ಮೊದಲಿನಿಂದ ಸಾರಿದ.